ಪೆಟ್ವೇಯ ಶ್ರುತಿ ಗುಂಡಿ

ನಮ್ಮ ಟೊಲೀಡೊದ ನ್ಯೂ ಎಲಿಮ್ ಚರ್ಚಿನಲ್ಲಿ ಬ್ರದರ್ ಕ್ಲೀಟಸ್ ಪೆಟ್ವೇಗೆ ದೊಡ್ಡ ಹೆಸರಿತ್ತು. ಯಾರು ಯಾವ ಶ್ರುತಿಯಲ್ಲಿ ಬಾಯಿ ತೆರೆದರೂ ಅವರು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಕೀಬೋರ್ಡು ಅವರ ಬೆನ್ನಿಗೆ ನಿಂತಿರುತ್ತಿತ್ತು. ನಮ್ಮಲ್ಲಿ ಹಾಡುವವರು ಶ್ರುತಿಯನ್ನು ಮೊದಲೇ ಹೇಳುವ ಪದ್ಧತಿಯಿಲ್ಲ. ಪವಿತ್ರಾತ್ಮ ಎಬ್ಬಿಸಿದಾಗ ಏಳುತ್ತಾರೆ, ಅದು ಎಬ್ಬಿಸಿದ ಎತ್ತರದಲ್ಲಿ ಶುರು ಮಾಡುತ್ತಾರೆ. ಹಿಡಿಯುವುದು ನುಡಿಸುವವನ ಹಣೆಬರಹ. ಪೆಟ್ವೇ ಹಿಡಿಯುತ್ತಿದ್ದ. ಪಾಸ್ಟರ್ ಅದನ್ನು ದೇವರು ಕೊಟ್ಟ ವರ ಎನ್ನುತ್ತಿದ್ದರು, ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ವರ ಕೊಟ್ಟದ್ದು ದೇವರಲ್ಲ, ಮೆರಿವೋಲ್ ಕಂಪನಿ ಎಂಬುದು ಅವನ ಹಿಂದೆ ಬೇಸ್ ಗಿಟಾರ್ ಹಿಡಿದು ನಿಲ್ಲುವ ನನಗೆ ಚೆನ್ನಾಗಿ ಗೊತ್ತಿತ್ತು.

ಪೆಟ್ವೇಗೆ ಬರುತ್ತಿದ್ದುದು ಒಂದೇ ಶ್ರುತಿ, ಮೂರನೆಯ ಕಪ್ಪು ಮಣೆಯಿಂದ ಶುರುವಾಗುವ ಕಪ್ಪು ಮೂರು. ಅಲಬಾಮಾದಲ್ಲಿ ಅಜ್ಜಿಯ ಮನೆಯ ಮುರುಕು ಪಿಯಾನೊದಲ್ಲಿ ತಾನೇ ತಡಕಾಡಿ ಕಲಿತವನು. ಕಪ್ಪು ಮಣೆಗಳು ಎದ್ದು ನಿಂತಿರುವುದರಿಂದ ಬೆರಳು ತಪ್ಪುವುದಿಲ್ಲ ಎಂದು ಅಲ್ಲೇ ಬಿಡಾರ ಹೂಡಿಬಿಟ್ಟಿದ್ದ. ಉಳಿದ ಹನ್ನೊಂದು ಶ್ರುತಿಗಳ ಕೆಲಸವನ್ನು ಅವನ ಮೆರಿವೋಲ್ ಆರು ಎಂಬ ಕೀಬೋರ್ಡು ನೋಡಿಕೊಳ್ಳುತ್ತಿತ್ತು. ಅದಕ್ಕೆ ವರ್ಕ್‌ಸ್ಟೇಷನ್ ಎಂಬ ಘನವಾದ ಹೆಸರು. ಆರ್ಗನ್, ಪಿಯಾನೊ, ಪಿಟೀಲು, ಡೋಲು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಅದರ ಎಡಮೂಲೆಯಲ್ಲಿ ಶ್ರುತಿ ಏರಿಸಲು ಒಂದು, ಇಳಿಸಲು ಒಂದು ಪುಟ್ಟ ಗುಂಡಿ. ಹಾಡುವವರು ಶುರು ಮಾಡಿದೊಡನೆ ಪೆಟ್ವೇ ಎಡಗೈಯ ಕಿರುಬೆರಳಿನಿಂದ ಅವರ ಸ್ವರವನ್ನು ಹುಡುಕುತ್ತಿದ್ದ, ಹೆಬ್ಬೆರಳಿನಿಂದ ಗುಂಡಿಯನ್ನು ಬೇಕಾದಷ್ಟು ಸಲ ಒತ್ತುತ್ತಿದ್ದ, ಆಮೇಲೆ ಎಂದಿನಂತೆ ಕಪ್ಪು ಮೂರನ್ನೇ ನುಡಿಸುತ್ತಿದ್ದ. ಎಷ್ಟು ಏರಿಸಿದ ಎಂಬ ಅಂಕಿ ಪರದೆಯ ಮೇಲೆ ಬೀಳುತ್ತಿತ್ತು. ನಾನು ಹೊಟ್ಟೆಪಾಡಿಗೆ ಸಿಟಿ ಬಸ್ಸು ಓಡಿಸುವವಳು, ನಂಬರ್ ನೋಡಿ ದಾರಿ ಹಿಡಿಯುವುದು ನನಗೆ ಅಭ್ಯಾಸ. ಕಿವಿಗೆ ತೊಂದರೆ ಕೊಡದೆ ಆ ಅಂಕಿ ನೋಡಿಯೇ ಬೇಸ್ ನುಡಿಸುತ್ತಿದ್ದೆ.

ಇದರಲ್ಲಿ ಅವನೊಬ್ಬನೇ ಕಳ್ಳ ಎಂದುಕೊಳ್ಳಬೇಡಿ. ಊರಿನ ಚರ್ಚುಗಳಲ್ಲಿ ಕೀಬೋರ್ಡಿನ ಮುಂದೆ ಕೂತವರಲ್ಲಿ ಆ ಗುಂಡಿ ಒತ್ತದವರಿಲ್ಲ, ಒತ್ತುತ್ತೇನೆ ಎಂದವರೂ ಇಲ್ಲ.

ಹೀಗಿರುವಾಗ ಮೆರಿವೋಲ್ ಏಳು ಬಂತು. ಬಂದ ವಾರವೇ ಆರನ್ನು ಇಟ್ಟುಕೊಂಡವರೆಲ್ಲ ಹಳೆಯ ಹೆಂಡತಿಯರಂತೆ ಕಂಗಾಲಾದರು. ಇನ್ನು ನಮ್ಮನ್ನು ಯಾರು ಕೇಳುತ್ತಾರೆ, ನಮಗೆ ಅಪ್‌ಡೇಟ್ ಯಾರು ಕೊಡುತ್ತಾರೆ ಎಂದು ಕಂಪನಿಯ ಜಾಲತಾಣದಲ್ಲಿ ಗೋಳೋ ಎಂದು ಬರೆದರು. ಎಲ್ಲರಿಗಿಂತ ಹೆಚ್ಚು ಬರೆದವನು ಪೆಟ್ವೇ. ಹಾಗೆ ನೋಡಿದರೆ ಅವನ ಆರರಲ್ಲಿ ಏನೂ ಕೊರತೆಯಿರಲಿಲ್ಲ. ಏನು ಬೇಕು ಎಂದು ನಾನು ಕೇಳಿದರೆ ಅವನಿಗೇ ತಿಳಿಯದು. ಒಟ್ಟಿನಲ್ಲಿ ಏನಾದರೂ ಒಂದು ಕೊಡಲಿ ಎಂಬ ಹಟ.

ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಚರ್ಚಿನ ಆಸ್ತಿಪಾಸ್ತಿ ನೋಡಿಕೊಳ್ಳುವ ಟ್ರಸ್ಟಿಗಳ ಯಜಮಾನ ಹೊರೇಸ್ ಟಿಲ್ಲರಿಗೆ ಏಳರ ಮೇಲೆ ಕಣ್ಣು ಬಿದ್ದಿತ್ತು. ಏಳರ ಮುಂದೆ ಕೂರಿಸಲು ರೋಡರಿಕ್ ಎಂಬ ಅಳಿಯನೂ ಸಿದ್ಧನಿದ್ದ. ಅಳಿಯ ಮಿರುಗುವ ಬೂಟು ಹಾಕುತ್ತಿದ್ದ, ಕಣ್ಣು ಮುಚ್ಚಿ ನುಡಿಸುತ್ತಿದ್ದ.

"ಪಾಸ್ಟರ್, ಆ ಪೆಟ್ಟಿಗೆಗೂ ವಯಸ್ಸಾಯ್ತು, ಅದರ ಮುಂದೆ ಕೂತಿರೋನಿಗೂ ವಯಸ್ಸಾಯ್ತು," ಎಂದು ಟಿಲ್ಲರಿ ಸಭೆಯಲ್ಲೇ ಹೇಳಿದ. "ಎರಡನ್ನೂ ಒಟ್ಟಿಗೆ ಕಳಿಸಿದ್ರೆ ಒಂದೇ ಬೀಳ್ಕೊಡುಗೆ ಊಟದಲ್ಲಿ ಮುಗಿಯುತ್ತೆ."

ಪಾಸ್ಟರ್ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಅಂದರೆ ಯಾವ ತೀರ್ಮಾನವನ್ನೂ ಮಾಡದ ಮನುಷ್ಯ. ಆರಕ್ಕೂ ಅಪ್‌ಡೇಟ್ ಬರುತ್ತದಂತೆ, ಬರಲಿ, ಚರ್ಚಿನ ವಾರ್ಷಿಕೋತ್ಸವದ ಭಾನುವಾರ ಅದು ಹೇಗೆ ನುಡಿಯುತ್ತದೋ ನೋಡೋಣ ಎಂದರು. ಚೆನ್ನಾಗಿ ನುಡಿದರೆ ಪೆಟ್ವೇ ಉಳಿದ, ಇಲ್ಲವಾದರೆ ಏಳೂ ರೋಡರಿಕ್ಕನೂ ಬಂದಂತೆ. ಪೆಟ್ವೇಗೆ ಆ ಸ್ಟೂಲು ಬಿಟ್ಟರೆ ಬೇರೆ ಬದುಕಿರಲಿಲ್ಲ. ಜೀಪು ತಯಾರಿಸುವ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ವಾರವಿಡೀ ಅವನು ಕಾಯುತ್ತಿದ್ದುದು ಆ ಒಂದು ಬೆಳಗಿಗೆ.

ಕಂಪನಿಯವರು ಊರೂರಿಗೆ ಜನ ಕಳಿಸಿದರು. ನಮ್ಮೂರಿನ ಗ್ರೇಬರ್ ವಾದ್ಯದಂಗಡಿಗೆ ಬಂದವನು ಬ್ರೆಂಟ್ ಎಂಬ ನೀಲಿ ಅಂಗಿಯ ಹುಡುಗಮುಖದವನು. ಚರ್ಚುಗಳ ಕೀಬೋರ್ಡಿನವರೆಲ್ಲ ಸೇರಿದ್ದರು. ಪೆಟ್ವೇಯನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ.

"ಮೆರಿವೋಲ್ ಯಾರನ್ನೂ ಹಿಂದೆ ಬಿಟ್ಟು ಹೋಗಲ್ಲ," ಎಂದ ಬ್ರೆಂಟ್. "ನಿಮ್ಮ ಆರನ್ನೂ ಏಳರ ಥರಾನೇ ಮಾಡ್ತೀವಿ. ಆದ್ರೆ ಒಳಗಡೆ ಜಾಗ ಕಮ್ಮಿ, ಏನಾದ್ರೂ ತೆಗೀಲೇಬೇಕು. ಏನು ತೆಗೀಲಿ ಅಂತ ನೀವೇ ಹೇಳಿ. ನಾವು ಕೇಳೋ ಕಂಪನಿ."

ಮೊದಲು ಹೆಲಿಕಾಪ್ಟರ್ ಸದ್ದು ಬೇಕೇ ಎಂದು ಕೇಳಿದ. ಯಾವ ಚರ್ಚಿನಲ್ಲಿ ಹೆಲಿಕಾಪ್ಟರ್ ಇಳಿಯುತ್ತದೋ ನಾನರಿಯೆ, ಆದರೂ ನಾಲ್ಕೈದು ಕೈ ಎದ್ದವು. ತಿಮಿಂಗಿಲದ ಕೂಗಿಗೂ ಒಂದೆರಡು ಎದ್ದವು.

"ಸರಿ. ಈ ಶ್ರುತಿ ಗುಂಡಿ? ಯಾರ್ಯಾರು ಬಳಸ್ತೀರಿ, ಕೈ ಎತ್ತಿ ನೋಡೋಣ."

ಒಬ್ಬ ಸೂರು ನೋಡಿದ, ಒಬ್ಬ ಕನ್ನಡಕ ಒರೆಸಿಕೊಂಡ, ಹಿಂದಿದ್ದವನು ಗಿಟಾರಿನ ಬೆಲೆಯ ಚೀಟಿಯನ್ನು ಬೈಬಲ್ಲಿನಂತೆ ಓದತೊಡಗಿದ. ಬೆಳಗಾದರೆ ಆ ಗುಂಡಿಯನ್ನು ಅಮುಕಿ ಅನ್ನ ತಿನ್ನುವ ಇಪ್ಪತ್ತು ಜನ, ಒಂದು ಕೈ ಏಳಲಿಲ್ಲ.

"ಅದು ಮಕ್ಕಳ ಸೈಕಲ್ಲಿಗೆ ಕಟ್ಟೋ ಚಿಕ್ಕ ಚಕ್ರ ಅಲ್ವಾ?" ಎಂದ ರೋಡರಿಕ್. "ತೆಗೆದು ಬಿಸಾಕಿ."

ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ನಮ್ಮ ಪೆಟ್ವೇ. ನಕ್ಕು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ನನಗಂತೂ ಆ ಗುಂಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲಪ್ಪಾ," ಎಂದು ಬೇರೆ ಸೇರಿಸಿದ. ನಾನು ಅವನ ಕಾಲು ತುಳಿದೆ. ಬ್ರೆಂಟ್ ಆ ಮಾತನ್ನು ಅಕ್ಕರೆಯಿಂದ ಬರೆದುಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ, "ಯಾಕೋ ಮಹರಾಯ, ಕೈಗೇನು ಲಕ್ವ ಹೊಡೆದಿತ್ತಾ?"

"ರೋಡರಿಕ್ ಎದುರಿಗೆ ಎತ್ತಲಾ?" ಎಂದ. "ಸುಮ್ನಿರು ವರ್ಲೀನ್. ಅಷ್ಟು ಜನದಲ್ಲಿ ಯಾವನೋ ಒಬ್ಬ ಎತ್ತೇ ಎತ್ತಾನೆ ಅಂದ್ಕೊಂಡೆ."

"ಅಷ್ಟು ಜನಾನೂ ಅದನ್ನೇ ಅಂದ್ಕೊಂಡಿದ್ರು."

ಅವನು ಕಿಟಕಿಯ ಕಡೆ ತಿರುಗಿ ಕೂತ.

ವಾರ್ಷಿಕೋತ್ಸವದ ಹಿಂದಿನ ದಿನ ಅಪ್‌ಡೇಟ್ ಬಂತು. ಕೆಲಸ ಮುಗಿಸಿ ನಾನೂ ಅವನ ಮನೆಗೆ ಹೋದೆ. ಹಜಾರದಲ್ಲಿ ಪೆಟ್ಟಿಗೆ ಹರಡಿಕೊಂಡು ಕೂತಿದ್ದ, ಮುಖದಲ್ಲಿ ಮದುವೆಯ ಕಳೆ. ಪರದೆ ಹೊಸ ಬಣ್ಣದಲ್ಲಿ ಮಿನುಗುತ್ತಿತ್ತು. ಆರ್ಗನ್ ಮೊದಲಿಗಿಂತ ತುಂಬಿಕೊಂಡಿತ್ತು, ಪಿಟೀಲುಗಳು ಬೆಣ್ಣೆಯಂತಿದ್ದವು. ಹೆಲಿಕಾಪ್ಟರ್ ಕೂಡ ಮೊದಲಿಗಿಂತ ಹತ್ತಿರದಲ್ಲಿ ಹಾರಾಡಿತು. ನಾಳೆಯ ಹಾಡುಗಳನ್ನೆಲ್ಲ ಒಂದೂ ಬಿಡದೆ ನುಡಿಸಿ ನೋಡಿದ. ಎಲ್ಲವನ್ನೂ ಕಪ್ಪು ಮೂರರಲ್ಲಿ. ಮನೆಯಲ್ಲಿ ಬೇರೆ ಶ್ರುತಿ ಎತ್ತುವವರು ಯಾರಿದ್ದಾರೆ? ಅವನ ಹೆಂಡತಿ ಎರ್ನೆಸ್ಟೀನ್ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು, ಇಷ್ಟು ವರ್ಷದ ಸಹವಾಸದಿಂದ ಅವಳು ಗುನುಗುವುದೂ ಕಪ್ಪು ಮೂರರಲ್ಲೇ.

ಅವಳು ಕೊಟ್ಟ ಪೀಚ್ ಹಣ್ಣಿನ ಸಿಹಿ ಕಾಬ್ಲರ್ ತಿನ್ನುತ್ತಾ ನಾನು ಮೆಲ್ಲಗೆ ಕೇಳಿದೆ, "ಗುಂಡಿ ಸರಿಯಾಗಿದೆಯಾ?"

"ಶ್, ಅವಳಿಗೆ ಕೇಳಿಸುತ್ತೆ," ಎಂದ. ಅವಳಿಗೂ ಅದು ದೇವರ ವರವೇ. "ನೋಡು, ಗುಂಡಿಯ ದೀಪ ಮೊದಲಿಗಿಂತ ಜೋರಾಗಿ ಉರೀತಿದೆ. ಪೆಟ್ಟಿಗೆಗೆ ಜಡಿದಿರೋ ಗುಂಡೀನ ಗಾಳೀಲಿ ಕಿತ್ಕೊಂಡು ಹೋಗ್ತಾರಾ?"

ನನಗೂ ಅದು ಸರಿಯೆನಿಸಿತು. ಕಾಬ್ಲರ್ ಅಷ್ಟು ರುಚಿಯಾಗಿತ್ತು.

ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ಟೊಪ್ಪಿಗೆಗಳ ಸಂದಿಯಲ್ಲಿ ಹಣಕಿ ನೋಡಬೇಕಾಗಿತ್ತು. ಬೇರೆ ಚರ್ಚುಗಳಿಂದಲೂ ಜನ ಬಂದಿದ್ದರು. ಗ್ರೇಬರ್ ಅಂಗಡಿಯಲ್ಲಿ ಸೂರು ನೋಡಿದವರು, ಕನ್ನಡಕ ಒರೆಸಿದವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಟಿಲ್ಲರಿ ಅಳಿಯನೊಡನೆ ಮುಂದಿನ ಸಾಲಿನಲ್ಲಿದ್ದ.

ಮದರ್ ಲುವೀನಿಯಾ ಎದ್ದು ನಿಂತರು. ಎಂಬತ್ತು ದಾಟಿದ ಹೆಂಗಸು, ಹಿರಿಯರೆಂದು ನಾವೆಲ್ಲ ಮದರ್ ಎನ್ನುವವರು, ಬಿಳಿ ಕೈಚೀಲ, ಬಿಳಿ ಕೈಗವಸು. ಅವರ ಹಾಡು ಯಾವಾಗಲೂ ಬಿಳಿ ಆರರಲ್ಲಿ, ಹರೆಯದಲ್ಲಿ ಶುರು ಮಾಡಿದ ಎತ್ತರದಿಂದ ಒಂದು ಮೆಟ್ಟಿಲೂ ಇಳಿದವರಲ್ಲ. ಅದು ಅವರ ಹೆಮ್ಮೆ, ನಮ್ಮ ಚರ್ಚಿನ ಹೆಮ್ಮೆ. ಬಿಳಿ ಆರೆಂದರೆ ಪೆಟ್ವೇಯ ಮನೆಯಿಂದ ಮೇಲಕ್ಕೆ ಮೂರು ಮಣೆ.

ಅವರು ಶುರು ಮಾಡಿದರು. ಪೆಟ್ವೇಯ ಕಿರುಬೆರಳು ಸ್ವರವನ್ನು ಹುಡುಕಿತು, ತಲೆ ಅಲ್ಲಾಡಿತು, ಹೆಬ್ಬೆರಳು ಗುಂಡಿಯ ಮೇಲೆ ಟಕ ಟಕ ಟಕ ಎಂದು ಬಿತ್ತು. ಮೊದಲ ಒತ್ತಿಗೆ ಪರದೆಯ ಮೇಲೆ ಅಂಕಿ ಬರಲಿಲ್ಲ. ನೀಲಿ ಅಂಗಿ ತೊಟ್ಟ ಒಬ್ಬ ಹಲ್ಲು ಕಿರಿಯುತ್ತಾ ಮೂಡಿದ, ಮೆರಿವೋಲ್ ಏಳು ನಿಮಗಾಗಿ ಕಾಯುತ್ತಿದೆ ಎಂದ. ಎರಡನೆಯ ಒತ್ತಿಗೆ ನಿಮ್ಮ ಆಸಕ್ತಿಗೆ ಧನ್ಯವಾದ ಎಂದ. ಮೂರನೆಯ ಒತ್ತಿಗೆ ಹತ್ತಿರದ ಅಂಗಡಿಯ ವಿಳಾಸ ಬೇಕೇ ಎಂದು ಕೇಳಿದ. ಅಷ್ಟರಲ್ಲಿ ಪೆಟ್ವೇಯ ಎರಡೂ ಕೈ ಮಣೆಗಳ ಮೇಲೆ ಬಿದ್ದಾಗಿತ್ತು.

ಮದರ್ ಲುವೀನಿಯಾ ಬಿಳಿ ಆರರಲ್ಲಿ, ಅವರ ಕೆಳಗೆ ತುಂಬಿಕೊಂಡ ಹೊಸ ಆರ್ಗನ್ ಕಪ್ಪು ಮೂರರಲ್ಲಿ. ಮುಂದಿನ ಸಾಲಿನ ಮಗುವೊಂದು ಅಳತೊಡಗಿತು. ಅಂಕಿ ಕಾಣದ ನಾನು ನಂಬರಿಲ್ಲದ ಬಸ್ಸಿನಂತೆ ನಿಂತೆ, ಆಮೇಲೆ ಗೆಳೆತನಕ್ಕೆ ಕಟ್ಟುಬಿದ್ದು ಕಪ್ಪು ಮೂರನ್ನೇ ಹಿಡಿದು ಅನಾಹುತಕ್ಕೆ ಇನ್ನಷ್ಟು ತೂಕ ಕೊಟ್ಟೆ. ಸರಿಯಾಗಿದ್ದದ್ದು ಡೋಲೊಂದೇ.

ಮದರ್ ಲುವೀನಿಯಾ ಹಾಡುತ್ತಲೇ ಹಿಂದೆ ತಿರುಗಿದರು. "ಬಾ ಮಗಾ," ಎಂದು ಹಾಡಿನಲ್ಲೇ ಸೇರಿಸಿದರು, "ನನ್ನ ಹತ್ರ ಬಾ." ಅವನಿಗೆ ಹೋಗಲು ದಾರಿಯಿರಲಿಲ್ಲ. ಕೈಗಳನ್ನು ಮಣೆಗಳಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಆ ಕೈಗಳನ್ನು ನೋಡಿ ನನಗೆ ಅಳು ಬಂತು. ಉಳಿದದ್ದನ್ನು ಅವರೊಬ್ಬರೇ ಚಪ್ಪಾಳೆಯ ಮೇಲೆ ಹಾಡಿ ಮುಗಿಸಿದರು. ತುದಿಯ ಸ್ವರದಲ್ಲಿ ಅವರ ದನಿ ಒಡೆಯಿತು. ಅದನ್ನೂ ಎಲ್ಲರೂ ಪೆಟ್ವೇಯ ಲೆಕ್ಕಕ್ಕೇ ಬರೆದರು.

"ದೇವರ ವರಾನೂ ಹಳೇ ಮಾಡಲ್ ಆಯ್ತು ಅಂತ ಕಾಣುತ್ತೆ," ಎಂದ ಟಿಲ್ಲರಿ ಊಟದ ಹೊತ್ತಿನಲ್ಲಿ. ಪಾಸ್ಟರ್ ಎಂದಿನಂತೆ ಮುಂದಕ್ಕೆ ಹಾಕಿದರು. ಮುಂದಿನ ತಿಂಗಳ ಮೊದಲ ಭಾನುವಾರದವರೆಗೆ ನೋಡೋಣ, ಅದೇ ಕೊನೆ ಎಂದರು.

ಮರುದಿನ ಪೆಟ್ವೇ ಕಂಪನಿಗೆ ಫೋನ್ ಮಾಡಿದ. ಮಾತಾಡುವ ಧೈರ್ಯಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಸಿಕ್ಕಿದವನು ಬ್ರೆಂಟ್.

"ಸರ್, ನಾವು ದೇಶ ಸುತ್ತಿ ಕೇಳಿದ್ವಿ," ಎಂದ ಬ್ರೆಂಟ್. "ಶ್ರುತಿ ಗುಂಡಿಗೆ ಎಲ್ಲೂ ಒಬ್ರೂ ಕೈ ಎತ್ತಲಿಲ್ಲ. ಯಾರಿಗೂ ಬೇಡದ ಗುಂಡಿ ಖಾಲಿ ಯಾಕಿರ್ಬೇಕು ಅಂತ ಏಳರ ಪರಿಚಯಕ್ಕೆ ಕೊಟ್ವಿ."

"ಯಾರೋ ಕೆಲವರು ಬಳಸ್ತಿರಬಹುದು," ಎಂದ ಪೆಟ್ವೇ. "ನಮ್ಮ ಪರಿಚಯದವರೊಬ್ರು."

"ಮಿಸ್ಟರ್ ಪೆಟ್ವೇ ಅಲ್ವಾ? ಆ ಗುಂಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲ ಅಂದೋರು ನೀವೇ ತಾನೆ? ಆ ಮಾತನ್ನ ನಮ್ಮ ಆಫೀಸಿನ ಗೋಡೆ ಮೇಲೆ ಚೌಕಟ್ಟು ಹಾಕಿ ಇಟ್ಟಿದೀವಿ ಸರ್."

ಪೆಟ್ವೇ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ. ಬಸ್ಸಿನಲ್ಲಿ ಕುಡುಕರನ್ನು ಇಳಿಸುವಾಗ ಬಳಸುವ ದನಿಯಲ್ಲಿ ನಾನು ಒಂದೆರಡು ಮಾತಾಡಿದೆ. ಅವನಿಗೆ ಬೇಸರವೇ ಆಗಲಿಲ್ಲ. ಶನಿವಾರ ಏಳನ್ನು ತೋರಿಸಲು ಗ್ರೇಬರಿಗೆ ಬರುತ್ತಿದ್ದೇನೆ, ಬೇಕೆನ್ನುವವರು ಅಲ್ಲಿ ಕೈ ಎತ್ತಲಿ, ನಾವು ಕೇಳುವ ಕಂಪನಿ ಎಂದ.

ಶನಿವಾರ ಮತ್ತೆ ಅವೇ ಮುಖಗಳು. ನಡುವೆ ಮೆರಿವೋಲ್ ಏಳು ಮದುಮಗಳಂತೆ ಕೂತಿತ್ತು. ಅದರ ಮೈಮೇಲೆ ಹುಡುಕಿದರೂ ಒಂದು ಗುಂಡಿಯಿಲ್ಲ, ನುಣ್ಣನೆಯ ಗಾಜು. ರೋಡರಿಕ್ ಅದನ್ನು ಸವರುತ್ತಿದ್ದ. ಬ್ರೆಂಟ್ ಎಲ್ಲ ಹೇಳಿ ಮುಗಿಸಿ, ಯಾರಿಗಾದರೂ ಏನಾದರೂ ಬೇಕೇ ಎಂದು ಕೇಳಿದ.

ಪೆಟ್ವೇ ನನ್ನ ಪಕ್ಕದಲ್ಲಿ ನಿಂತಿದ್ದ. ಅವನ ಕೈ ಒಮ್ಮೆ ಸೊಂಟದವರೆಗೆ ಬಂದು ಇಳಿಯಿತು. ಎತ್ತೋ, ಎತ್ತಿಬಿಡೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಎತ್ತಿದ. ಮೆಲ್ಲಗಲ್ಲ, ಶಾಲೆಯ ಮಗುವಿನ ಹಾಗೆ ನೆಟ್ಟಗೆ.

"ನಾನು ಕ್ಲೀಟಸ್ ಪೆಟ್ವೇ, ನ್ಯೂ ಎಲಿಮ್ ಚರ್ಚು," ಎಂದ. "ನನಗೆ ಬರೋದು ಒಂದೇ ಶ್ರುತಿ. ಕಪ್ಪು ಮೂರು. ಹುಟ್ಟಿದಾಗಿಂದ ಅದೊಂದೇ. ಆ ಗುಂಡಿ ನನಗೆ ಬೇಕು. ಹೋದ್ಸಲ ನಾನು ಹೇಳಿದ್ದು ಸುಳ್ಳು, ಅದನ್ನ ಗೋಡೆಯಿಂದ ಇಳಿಸಿಬಿಡಪ್ಪಾ."

ಯಾರೋ ಕಿಸಕ್ಕೆಂದರು. ಕೈ ಹಾಗೇ ಮೇಲಿತ್ತು. ಆಮೇಲೆ ಕನ್ನಡಕ ಒರೆಸಿದವನು ಕನ್ನಡಕ ಹಾಕಿಕೊಂಡು ತನ್ನ ಕೈ ಎತ್ತಿದ. "ನನಗೂ," ಎಂದ. "ಬಿಳಿ ಒಂದು ಬಿಟ್ರೆ ನಾನು ಕುರುಡ." ಚೀಟಿ ಓದಿದವನೂ ಎತ್ತಿದ. ನೋಡನೋಡುತ್ತಿದ್ದಂತೆ ಅಂಗಡಿಯಲ್ಲಿ ಕೈಗಳ ಕಾಡು. ಕೊನೆಗೆ ಉಳಿದವನು ರೋಡರಿಕ್. ಬೂಟಿನ ದಾರ ಬಿಗಿಯುತ್ತಾ ಬಗ್ಗಿದ್ದವನು ಒಂದು ಕೈಯನ್ನು ಕಿವಿಯ ಪಕ್ಕಕ್ಕೆ ತಂದ. ತಲೆ ಕೆರೆದುಕೊಂಡ ಎಂದರೂ ಆದೀತು, ಎತ್ತಿದ ಎಂದರೂ ಆದೀತು. ಬ್ರೆಂಟ್ ಅದನ್ನೂ ಎಣಿಸಿಕೊಂಡ.

ಕಂಪನಿ ಕೇಳಿಸಿಕೊಂಡಿತು. ಮೊದಲ ಭಾನುವಾರಕ್ಕೆ ಎರಡು ದಿನವಿರುವಾಗ ಉತ್ತರ ಬಂತು. ಆರರ ಬಳಗದವರ ಪ್ರಾಮಾಣಿಕತೆಗೆ ಮನಸೋತು ಶ್ರುತಿ ಗುಂಡಿಯನ್ನು ಮರಳಿ ತರುತ್ತಿದ್ದೇವೆ, ಮೆರಿವೋಲ್ ಏಳರಲ್ಲಿ. ಆರರ ವಿಷಯಕ್ಕೆ ಬಂದರೆ ಅದು ಈಗ ಪರಿಪೂರ್ಣವಾಗಿದೆ, ಇನ್ನು ಅದನ್ನು ಮುಟ್ಟುವುದಿಲ್ಲ. ಓದಿ ನನ್ನ ಬಾಯಿಂದ ಬಂದ ಮಾತುಗಳನ್ನು ಚರ್ಚಿನವಳಾಗಿ ಇಲ್ಲಿ ಬರೆಯಲಾರೆ. ಪೆಟ್ವೇ ಬೈಯಲಿಲ್ಲ. "ಸೂಟು ಇಸ್ತ್ರಿ ಮಾಡು," ಎಂದು ಎರ್ನೆಸ್ಟೀನಿಗೆ ಹೇಳಿದ. "ಕೊನೇ ಸಲ ಚೆನ್ನಾಗಿ ಕಾಣಿಸ್ಲಿ."

ಭಾನುವಾರ ಅವನು ಬೂದು ಸೂಟಿನಲ್ಲಿ ಬಂದು ಸ್ಟೂಲಿನ ತುದಿಯಲ್ಲಿ ಕೂತ, ನೆಂಟರ ಮನೆಯಲ್ಲಿ ಕೂತವನ ಹಾಗೆ. ಟಿಲ್ಲರಿಯ ಪಕ್ಕದಲ್ಲಿ ರೋಡರಿಕ್ ಬೆರಳು ನೆಟಿಗೆ ತೆಗೆಯುತ್ತಿದ್ದ. ಅಂಗಡಿಯ ಸುದ್ದಿ ಚರ್ಚಿಗೆಲ್ಲ ಹರಡಿತ್ತು. ವರವೆಂದು ನಂಬಿದವರು ಅವನ ಕಡೆ ನೋಡದೆ ಹಾಡಿನ ಪುಸ್ತಕ ನೋಡುತ್ತಿದ್ದರು.

ಮದರ್ ಲುವೀನಿಯಾ ಎದ್ದರು. ನಾನು ಬೇಸಿನ ತಂತಿಯ ಮೇಲೆ ಬೆರಳಿಟ್ಟು ಕಾದೆ. ಅವರು ಶುರು ಮಾಡಲಿಲ್ಲ. ನಡುದಾರಿಯಲ್ಲಿ ನಿಧಾನವಾಗಿ ನಡೆದು ಕೀಬೋರ್ಡಿನ ಪಕ್ಕಕ್ಕೆ ಬಂದು, ಅದರ ಮೇಲೆ ಕೈಚೀಲ ಇಟ್ಟರು.

"ಎಲ್ಲಿ ಕ್ಲೀಟಸ್, ನಿನ್ನ ಆ ಒಂದು ಶ್ರುತಿ ಕೊಡು."

ಅವನು ಅವರ ಮುಖ ನೋಡಿದ. ಆಮೇಲೆ ಕಪ್ಪು ಮೂರನ್ನು ಒತ್ತಿ ಹಿಡಿದ. ಅವರು ಕಣ್ಣು ಮುಚ್ಚಿ ಅದನ್ನು ಕೇಳಿಸಿಕೊಂಡು ಹಾಡತೊಡಗಿದರು. ಮೂರು ಮಣೆ ಕೆಳಗೆ ಆ ದನಿಗೆ ಅಷ್ಟು ಜಾಗವಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಎಳೆಯದೆ, ಏದುಸಿರಿಲ್ಲದೆ, ಮನೆಯಂಗಳದಲ್ಲಿ ಅಡ್ಡಾಡುವ ಹಾಗೆ ಹಾಡಿದರು. ತುದಿಯ ಸ್ವರಕ್ಕೆ ಬಂದಾಗ ಅದು ಒಡೆಯಲಿಲ್ಲ, ಬಹಳ ಹೊತ್ತು ನಿಂತಿತು. ಪೆಟ್ವೇಯ ಕಣ್ಣಿಂದ ನೀರು ಮಣೆಗಳ ಮೇಲೆ ಬೀಳುತ್ತಿತ್ತು. ನನಗೂ ಪರದೆ ನೋಡುವ ಅಗತ್ಯ ಬೀಳಲಿಲ್ಲ.

ಹಾಡು ಮುಗಿದ ಮೇಲೆ ಅವರು ಕುರ್ಚಿಗೆ ಹೋಗಲಿಲ್ಲ.

"ಆ ಎತ್ತರ ನನಗೆ ಎಟುಕದೆ ಹತ್ತು ವರ್ಷ ಆಯ್ತು," ಎಂದರು. "ಪ್ರತಿ ಭಾನುವಾರ ಗಂಟಲು ಹರ್ಕೊಂಡು ಹತ್ತುತಿದ್ದೆ. ಇಳಿದ್ರೆ ಲುವೀನಿಯಾ ಮುದುಕಿ ಆದ್ಲು ಅಂತೀರಲ್ಲ, ಆ ನಾಚಿಕೆಗೆ. ಇವನು ಅಂಗಡೀಲಿ ಅಷ್ಟು ಜನದ ಎದುರಿಗೆ ಕೈ ಎತ್ತಿದ ಅಂತ ಕೇಳ್ದೆ. ನಾನೂ ಎತ್ತಿದೀನಿ, ನೋಡ್ಕೊಳ್ಳಿ."

ಬಿಳಿ ಕೈಗವಸಿನ ಕೈ ಮೇಲೆ ಹೋಯಿತು. ನಮ್ಮ ಚರ್ಚಿನಲ್ಲಿ ಕೈ ಎತ್ತುವುದು ಹೊಸದಲ್ಲ, ಎತ್ತಿ ಎತ್ತಿ ತೋಳು ಸೋತವರಿದ್ದಾರೆ. ಆ ದಿನ ಎತ್ತಿದವರು ಮಾತ್ರ ಅಕ್ಕಪಕ್ಕ ನೋಡಿಕೊಂಡು, ಸ್ವಲ್ಪ ನಾಚಿಕೊಂಡು ಎತ್ತಿದರು.

ಟಿಲ್ಲರಿ ಅಳಿಯನ ಕಡೆ ಬಾಗಿದ. ಪಿಸುಗುಟ್ಟಿದೆನೆಂದುಕೊಂಡಿದ್ದ, ಆದರೆ ಅವನ ಪಿಸುಮಾತು ವಾದ್ಯದ ಜಾಗದವರೆಗೂ ಕೇಳಿಸುತ್ತದೆ.

"ನಿನಗೆ ಎಷ್ಟು ಶ್ರುತಿ ಬರುತ್ತೋ?"

ರೋಡರಿಕ್ ಬೂಟಿನ ದಾರ ನೋಡಿದ. "ಏಳರಲ್ಲಿ ಗುಂಡಿ ಬರ್ತಿದೆಯಲ್ಲ ಮಾವ," ಎಂದ.

ಟಿಲ್ಲರಿ ನೆಟ್ಟಗೆ ಕೂತ. ಆಮೇಲೆ ಅವನು ಏಳರ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಪೆಟ್ವೇ ಸ್ಟೂಲಿನ ತುದಿಯಿಂದ ನಡುವಿಗೆ ಸರಿದ. ಅಭ್ಯಾಸಬಲದಿಂದ ಹೆಬ್ಬೆರಳು ಗುಂಡಿಗೆ ತಾಗಿತು. ನೀಲಿ ಅಂಗಿಯವನು ಪರದೆಯ ಮೇಲೆ ಹಲ್ಲು ಕಿರಿಯುತ್ತಾ ಬಂದು ಏಳು ನಿಮಗಾಗಿ ಕಾಯುತ್ತಿದೆ ಎಂದ. ಮದರ್ ಲುವೀನಿಯಾ ಬಗ್ಗಿ ಅವನನ್ನೊಮ್ಮೆ ನೋಡಿ, ಕೈಚೀಲವನ್ನು ಪರದೆಗೆ ಅಡ್ಡವಾಗಿ ಸರಿಸಿದರು. ಎರಡನೆಯ ಹಾಡನ್ನು ಅಲ್ಲೇ ನಿಂತು, ಕಪ್ಪು ಮೂರರಲ್ಲೇ ಶುರು ಮಾಡಿದರು.